ಉಸ್ತಾದರು ನೋಡದೆ ಕೊಟ್ಟ ಸ್ಪೀಕರ್

ಅಂಗಡಿಗೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ವಾಪಸ್ ಕಳಿಸುವುದರಲ್ಲಿ ಉಸ್ತಾದರಿಗಿದ್ದಷ್ಟು ಉತ್ಸಾಹವನ್ನು ನಾನು ಬೇರೆ ಯಾವ ವ್ಯಾಪಾರಿಯಲ್ಲೂ ಕಂಡಿಲ್ಲ. ರಾಯಚೂರಿನ ತೀನ್ ಕಂದಿಲ್ ಹತ್ತಿರದ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಮೈಕ್ ಸೆಟ್ಟು, ಆಂಪ್ಲಿಫೈಯರು ರಿಪೇರಿ ಮಾಡುವುದು, ಹಳೆಯದನ್ನು ಕೊಂಡು ಸರಿಪಡಿಸಿ ಮಾರುವುದು, ಮರದ ಡಬ್ಬಿಗೆ ಸ್ಪೀಕರ್ ಕೂಡಿಸಿ ಕೊಡುವುದು ಅವರ ಕೆಲಸ. ಅವರಿಗೊಂದು ಹೆಸರಿತ್ತು, ಬೋರ್ಡಿನ ಮೇಲೂ ಬರೆದಿತ್ತು. ಆದರೆ ಊರಿಗೆಲ್ಲ ಅವರು ಉಸ್ತಾದ್. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಅವರಿಂದ ಸೆಟ್ ಕೊಂಡವರೆಲ್ಲ ಮೊಬೈಲಿನ ಸ್ಟೇಟಸ್ಸಿನಲ್ಲಿ ಅವರ ಫೋಟೋ ಹಾಕಿ ಒಳ್ಳೆಯ ಮಾತುಗಳನ್ನು ಬರೆದರು. ಎಲ್ಲವೂ ನಿಜವೇ. ನಾನು ಮಾತ್ರ ಏನೂ ಬರೆಯಲಿಲ್ಲ. ಯಾಕೆಂದರೆ ಅವರ ಹೆಸರಿಗೆ ಜೀವಮಾನದಲ್ಲಿ ಒಮ್ಮೆ ಮಸಿ ಹತ್ತಿತು, ಹಚ್ಚಿದವಳು ನಾನು. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಹೂವಿನ ಹಾರ ಹಾಕಿ ಕೈತೊಳೆದುಕೊಂಡ ಹಾಗಾಗುತ್ತದೆ.

ನಾನು ಮಾನ್ವಿಯ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆರೇಳು ವರ್ಷದ ಹಿಂದೆ ಲಿಂಗಸುಗೂರು ರಸ್ತೆಯ ಕಡೆ ನಾವು ಸ್ವಂತ ಮನೆ ಕಟ್ಟಿಸಿಕೊಂಡೆವು. ಬಾಡಿಗೆ ಮನೆಗಳಲ್ಲಿ ರೇಡಿಯೋದ ದನಿಯನ್ನು ಸಹ ಅಳೆದು ಹಚ್ಚಿದವಳು ನಾನು. ಹೊಸ ಮನೆಯ ಹಾಲಿನಲ್ಲಿ ಎರಡು ಕಡೆ ಎರಡು ಸ್ಪೀಕರ್ ಇಟ್ಟು, ನಡುವೆ ಕುರ್ಚಿ ಹಾಕಿಕೊಂಡು ಹಾಡು ಕೇಳಬೇಕೆಂಬುದು ನನ್ನ ಹಟ. ಫ್ರಿಜ್ಜಿಗಿಂತ ಮೊದಲು ಅದೇ ಬರಬೇಕು ಎಂದಾಗ ನಮ್ಮ ಮನೆಯವರು ಕೈಮುಗಿದು ಸುಮ್ಮನಾದರು.

ಮೊಬೈಲಿನಲ್ಲಿ ಒಂದು ತಿಂಗಳು ಓದಿ, ನೋಡಿ, ದೊಡ್ಡ ಪಂಡಿತಳಾಗಿ ಉಸ್ತಾದರ ಅಂಗಡಿಗೆ ಹೋದೆ. ಗಿಡ್ಡ ಮನುಷ್ಯ, ಬಿಳಿ ಗಡ್ಡ, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ ನನ್ನ ಭಾಷಣ ಪೂರ್ತಿ ಕೇಳಿಸಿಕೊಂಡರು.

"ಎಷ್ಟು ವ್ಯಾಟಿಂದು ಬೇಕಂದ್ರಿ?"

"ನೂರಾ ಇಪ್ಪತ್ತು ಇದ್ದರೆ ಒಳ್ಳೇದು ಅಂತ ಓದೀನಿ."

"ಮನ್ಯಾಗ ಎಷ್ಟು ಮಂದಿ ಅದೀರಿ?"

"ಮೂರು ಮಂದಿ. ನಾವಿಬ್ರು, ಮಗಳು."

"ಮೂರು ಮಂದಿಗೆ ಮದುವಿ ಅಡಿಗಿ ಯಾಕ್ರಿ ಟೀಚರಮ್ಮ? ಇಪ್ಪತ್ತು ಖರೇವು ವ್ಯಾಟ್ ಇದ್ರ ಸಾಕು. ಡಬ್ಬಿ ಮ್ಯಾಲ ಬರಿಯೋದು ಬರೀ ಬರಿಯಾಕ."

ನನ್ನಲ್ಲಿದ್ದದ್ದು ಅರ್ಧ ತಿಂಗಳ ಸಂಬಳ. ಅದನ್ನು ಅವರು ಹಂಚಿದ ರೀತಿ ಹೀಗೆ: ಬಹುಪಾಲು ಸ್ಪೀಕರಿಗೆ, ಉಳಿದ ಚೂರು ಆಂಪ್ಲಿಫೈಯರಿಗೆ. ಆಂಪ್ಲಿಫೈಯರ್ ಹಳೆಯದಾದರೂ ನಡೆಯುತ್ತದೆ, ಕೆಟ್ಟ ಭಾಗ ತೆಗೆದು ಹೊಸದು ಹಾಕಬಹುದು. ಸ್ಪೀಕರಿನಲ್ಲಿ ಅದುರಿ ದನಿ ಹೊರಡಿಸುವ ಕಾಗದ ಒಮ್ಮೆ ಸೋತರೆ ಸೋತಿತು, ಅದನ್ನು ಮಾತ್ರ ಹಳೆಯದು ಕೊಳ್ಳಬಾರದು. ಡಬ್ಬಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು, ಟೊಣ್ ಟೊಣ್ ಎಂದರೆ ಮುಟ್ಟಬಾರದು. ಹಾಡು ಹಚ್ಚಿ ಆರಿಸಬಾರದು. ಹಾಡು ಯಾವ ಡಬ್ಬಿಯಲ್ಲೂ ಚೆಂದವೇ. ರೇಡಿಯೋದ ವಾರ್ತೆ ಹಚ್ಚಬೇಕು. ಓದುವವರು ಎದುರು ಕೂತು ಮಾತಾಡಿದ ಹಾಗೆ ಕೇಳಿದರೆ ಆ ಸ್ಪೀಕರ್ ನಮ್ಮದು.

"ಮಾತು ಸ್ವಚ್ಛ ಬಂದ್ರ ಹಾಡು ತಾನ ಬರ್ತದ" ಎಂಬುದು ಅವರ ಖಾಯಂ ಮಾತು.

ಇಷ್ಟೆಲ್ಲ ಹೇಳಿದರೂ ಅಂದು ಏನೂ ಕೊಡಲಿಲ್ಲ. ಮನೆ ನೋಡದೆ ಸೆಟ್ ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ಮುಂದಿನ ಭಾನುವಾರ ಬಂದರು. ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆದು, ತಲೆ ಓರೆ ಮಾಡಿ ಕೇಳಿದರು. ನಾಲ್ಕು ಹೆಜ್ಜೆ ಸರಿದು ಮತ್ತೊಮ್ಮೆ ಹೊಡೆದರು. ಒಳಗಿಂದ ಮಗಳು ಓಡಿಬಂದು ಯಾರಿಗೆ ಬಹುಮಾನ ಬಂತು ಎಂದು ಕೇಳಿದಳು.

"ಕೋಣಿ ಕೂಗ್ತದ. ಕಿಟಕಿಗೆ ದಪ್ಪನ್ನ ಪಡದೆ ಹಾಕ್ರಿ, ಆ ಗ್ವಾಡಿಗೆ ಒಂದು ಗಾದಿ ಒರಗಸ್ರಿ. ಆಮ್ಯಾಲೆ ಸ್ಪೀಕರ್ ಮಾತು" ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟಿ ಸೀದಾ ಪಕ್ಕದ ಮನೆಗೆ ಹೋಗಿ, ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅಜ್ಜಿಯನ್ನು ಕೇಳಿದರು: "ಯವ್ವಾ, ಇವ್ರ ಮನ್ಯಾಗ ಹಾಡು ಹಚ್ಚಿದ್ರ ನಿಮಗೇನರ ತ್ರಾಸ ಆಗ್ತದೇನು?" ನನ್ನ ಮನೆ, ನನ್ನ ಸಂಬಳ, ನನ್ನ ಕಿವಿ, ಇವರು ಪಕ್ಕದ ಮನೆಯ ಅಪ್ಪಣೆ ಕೇಳುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ಮಾತ್ರ ಅಂದಿನಿಂದ ಅವರ ಭಕ್ತೆ.

ಜೋರು ದನಿಯ ಮೇಲೆ ಅವರಿಗೆ ಹಗೆಯೇ ಇತ್ತು. ಗೂಗಲ್ ಎಂಬ ಹಳ್ಳಿಯ ಗುಡಿಗೆ ಮೈಕ್ ಸೆಟ್ ಕೂಡಿಸಿದಾಗ ದನಿ ಊರಿನಾಚೆ ಹೋಗುತ್ತಿಲ್ಲವೆಂದು ಹಿರಿಯರು ತಕರಾರು ಮಾಡಿದರಂತೆ. "ದೇವ್ರಿಗೆ ಕಿವಿ ಚಲೋ ಅದಾವ್ರಿ, ಮಂದಿಗೆ ಕೇಳಿದ್ರ ಸಾಕು" ಎಂದು ಬಸ್ಸು ಹತ್ತಿ ಬಂದಿದ್ದರು.

ಆ ವರ್ಷ ಅವರ ತಲೆಯಲ್ಲಿದ್ದದ್ದು ಒಂದೇ, ದೇವದುರ್ಗದ ಹಾಲ್. ಮಾನ್ವಿಯ ಅಕ್ಕಿ ಗಿರಣಿಯ ಸಾವಕಾರರೊಬ್ಬರು ದೇವದುರ್ಗದಲ್ಲಿ ಮದುವೆ ಹಾಲ್ ಕಟ್ಟಿಸುತ್ತಿದ್ದರು. ಅದರ ಧ್ವನಿ ವ್ಯವಸ್ಥೆ ಪೂರ್ತಿ ನೀವೇ ಮಾಡಿರಿ ಎಂದು ಉಸ್ತಾದರಿಗೆ ಬಾಯಿಮಾತು ಕೊಟ್ಟಿದ್ದರು. ಗಾರೆ ಒಣಗುವ ಮುಂಚೆಯೇ ಉಸ್ತಾದರು ಮೂರು ಸಲ ಹೋಗಿ ಅಲ್ಲಿ ಚಪ್ಪಾಳೆ ಹೊಡೆದು ಬಂದಿದ್ದರು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹಾಲಿನ ನಕ್ಷೆ ಬರೆದು, ಎಲ್ಲಿ ಯಾವ ಸ್ಪೀಕರ್ ಎಂದು ಗುರುತು ಹಾಕಿ ಅಂಗಡಿಯ ಗೋಡೆಗೆ ಅಂಟಿಸಿದ್ದರು. ಹೋದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

"ನಲವತ್ತು ವರ್ಷ ಮಂದಿ ಕೆಡಿಸಿದ್ದು ರಿಪೇರಿ ಮಾಡೀನಿ ಟೀಚರಮ್ಮ. ಒಂದರ ಹಾಲ್ ನನ್ನ ಕೈಲೆ ಮೊದಲಿಂದ ಆಗ್ಲಿ. ಕಡೀ ಸಾಲಿನ್ಯಾಗ ಕುಂತ ಮುದುಕಿಗೆ ತಾಳಿ ಕಟ್ಟೂ ಮಂತ್ರ ಕೇಳಬೇಕು, ಮುಂದಿನ ಸಾಲಿನ ಕೂಸು ಬೆಚ್ಚಬಾರ್ದು. ಅಷ್ಟ ನನ್ನಾಸಿ."

ಗಿರಾಕಿಗಳ ವಿಷಯದಲ್ಲಿ ಅವರದು ಇನ್ನೊಂದು ಪದ್ಧತಿ. ಸ್ಪೀಕರನ್ನು ಎಂಟು ದಿನ ಮನೆಗೆ ಕೊಡುತ್ತಿದ್ದರು. ಚೀಟಿ ಇಲ್ಲ, ಮುಂಗಡ ಇಲ್ಲ. ಕಿವಿಗೆ ಒಗ್ಗಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ವಾಪಸ್. ವಾಪಸ್ ಬಂದ ಮಾಲನ್ನು ಮಾತ್ರ ಹಾಗೇ ಶೆಲ್ಫಿಗೆ ಇಡುತ್ತಿರಲಿಲ್ಲ. ಮೀಟರ್ ಹಚ್ಚಿ ನೋಡಿ, ಸ್ಪೀಕರಿನ ಕಾಗದದ ಮೇಲೆ ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತಿ, ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಒಳಗಿನ ಸುರುಳಿ ತಂತಿ ಸುಟ್ಟಿದ್ದರೆ ವಾಸನೆ ಹೇಳಿಬಿಡುತ್ತದೆ. ತಂದವರು ಸಾಹೇಬರಿರಲಿ, ಸ್ವಂತ ಅಳಿಯನಿರಲಿ, ಈ ತಪಾಸಣೆ ತಪ್ಪುತ್ತಿರಲಿಲ್ಲ.

ನಮ್ಮ ಮನೆಗೂ ಒಂದು ಜೋಡಿ ಬಂತು. ಆಂಪ್ಲಿಫೈಯರ್ ಇನ್ನೂ ತಯಾರಿರಲಿಲ್ಲ, ಇನ್ನೊಂದು ವಾರ ಬೇಕೆಂದರು. "ಕೋಣ್ಯಾಗ ಎಲ್ಲಿ ಕೂಡ್ತಾವ ಅಷ್ಟ ನೋಡ್ರಿ. ಬ್ಯಾರೇ ಯಾವ್ದಕ್ಕೂ ಹಚ್ಚಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿ ಹೋದರು.

ಎರಡು ಸ್ಪೀಕರುಗಳು ಹಾಲಿನಲ್ಲಿ ಮೂಗರ ಹಾಗೆ ಕೂತವು. ನಾನು ಮೂರು ದಿನ ತಡೆದೆ. ನಾಲ್ಕನೆಯ ದಿನ ಶನಿವಾರ. ನಮ್ಮ ಶಾಲೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರ್ ವಿಜ್ಞಾನದ ಕೋಣೆಯ ಬೀರುವಿನಲ್ಲಿತ್ತು, ಬೀರುವಿನ ಕೀಲಿ ನನ್ನ ಪರ್ಸಿನಲ್ಲಿತ್ತು. ಯಾರನ್ನೂ ಕೇಳದೆ ಅದನ್ನು ಚೀಲಕ್ಕೆ ಹಾಕಿ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಕೇಳಿದ್ದಕ್ಕೆ ರಿಪೇರಿಗೆ ಎಂದು ಹೇಳಿದೆ. ಅದು ಮೊದಲ ಸುಳ್ಳು.

ಅಂಥ ಆಂಪ್ಲಿಫೈಯರಿನ ಬೆನ್ನಿಗೆ ಸ್ಕ್ರೂಗಳ ಒಂದು ಸಾಲು ಇರುತ್ತದೆ. ನಾಲ್ಕು, ಎಂಟು, ಹದಿನಾರು ಎಂದು ಬರೆದಿರುತ್ತದೆ, ತುದಿಯದಕ್ಕೆ ನೂರು. ಹತ್ತಿರ ಇಡುವ ಸ್ಪೀಕರನ್ನು ಎಂಟಕ್ಕೆ ಕಟ್ಟಬೇಕು. ನೂರು ಇರುವುದು ದೂರದ ಕಂಬದ ಹಾರ್ನುಗಳಿಗೆ. ಅಲ್ಲಿಂದ ಹೊರಡುವ ಕರೆಂಟಿನ ಜೋರು ಬೇರೆ. ಇದು ನನಗೆ ಗೊತ್ತು, ಮಕ್ಕಳಿಗೆ ಇದರದೇ ಪಾಠ ಮಾಡುತ್ತೇನೆ. ಆದರೆ ಪ್ರತಿ ಆಗಸ್ಟ್ ಹದಿನೈದಕ್ಕೂ ಮೈದಾನದ ಹಾರ್ನುಗಳ ತಂತಿಯನ್ನು ನೂರಕ್ಕೆ ಕಟ್ಟಿ ಕಟ್ಟಿ ನನ್ನ ಕೈ ಆ ಸ್ಕ್ರೂವಿಗೆ ಒಗ್ಗಿಹೋಗಿತ್ತು. ಮೈಕ್ ಸೆಟ್ಟಿನಲ್ಲೇ ಬೆಳೆದ ನಮ್ಮಂಥ ಊರಿನವರು ಮಾಡುವ ತಪ್ಪು ಇದು. ಎರಡರಲ್ಲಿ ಒಂದು ಸ್ಪೀಕರನ್ನು ಕಟ್ಟಿ, ಮೊಬೈಲಿನ ತಂತಿ ಸಿಕ್ಕಿಸಿ, ಗುಂಡಿ ತಿರುಗಿಸಿದೆ.

ಅರ್ಧ ನಿಮಿಷ ದೊಡ್ಡ ದನಿ ಬಂತು. ಆಮೇಲೆ ಗಂಟಲು ಕಟ್ಟಿದ ಹಾಗೆ ಗೊರಗೊರ, ಆಮೇಲೆ ಸುಟ್ಟ ಅರಗಿನ ವಾಸನೆ, ಆಮೇಲೆ ಏನೂ ಇಲ್ಲ. ಆಂಪ್ಲಿಫೈಯರಿನ ಫ್ಯೂಸೂ ಹಾರಿತ್ತು.

"ಉಸ್ತಾದರಿಗೆ ಈಗಲೇ ಫೋನ್ ಮಾಡು" ಎಂದರು ನಮ್ಮ ಮನೆಯವರು.

ನಾನು ಮಾಡಲಿಲ್ಲ. ನಮ್ಮ ಶಾಲೆಯ ಮೈಕ್ ಸೆಟ್ಟನ್ನು ರಿಪೇರಿ ಮಾಡುವವರೂ ಉಸ್ತಾದರೇ, ಹೆಡ್‌ಮಾಸ್ತರಿಗೂ ಅವರಿಗೂ ಸಲಿಗೆ ಇತ್ತು. ಸರಕಾರಿ ಸಾಮಾನನ್ನು ಮನೆಗೆ ಒಯ್ದಳೆಂಬ ಸುದ್ದಿ ಎರಡೇ ದಿನದಲ್ಲಿ ಶಾಲೆ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಚಿಕ್ಕ ವಿಷಯ ತಿಳಿಯದ ವಿಜ್ಞಾನದ ಟೀಚರ್ ಎನ್ನಿಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಫ್ಯೂಸ್ ಬದಲಿಸಿ ಆಂಪ್ಲಿಫೈಯರನ್ನು ಸೋಮವಾರ ಬೀರುವಿಗೆ ಸೇರಿಸಿದೆ. ಸ್ಪೀಕರನ್ನು ಎರಡು ದಿನ ಕಿಟಕಿಯ ಹತ್ತಿರ ಫ್ಯಾನಿನ ಗಾಳಿಗಿಟ್ಟು ವಾಸನೆ ಕಳೆದೆ. ಆಮೇಲೆ ಜೋಡಿಯನ್ನು ಅಂಗಡಿಗೆ ಒಯ್ದೆ.

"ಬಣ್ಣ ನಮ್ಮ ಗೋಡೆಗೆ ಹೊಂದಲಿಲ್ಲ ಉಸ್ತಾದ್, ಬೇರೆ ಜೋಡಿ ಮಾಡಿಕೊಡ್ರಿ" ಎಂದೆ.

ಅವರ ಕೈ ಮೀಟರಿನ ಕಡೆ ಹೋಯಿತು. ನಾನು ಅವಸರದಿಂದ ತಡೆದೆ.

"ಏನೂ ಆಗಿಲ್ಲ. ಒಮ್ಮೆನೂ ಹಚ್ಚಿಲ್ಲ. ಹಚ್ಚಾಕ ಆಂಪ್ಲಿಫೈಯರ್ ಎಲ್ಲಿತ್ತು?"

ಅವರು ಕೈ ಹಿಂದಕ್ಕೆ ತೆಗೆದರು. "ಟೀಚರಮ್ಮ ಹೇಳಿದ ಮ್ಯಾಲೆ ಮುಗೀತು" ಎಂದು ಎರಡೂ ಡಬ್ಬಿಗಳನ್ನು ಒರೆಸಿ ಮಾರುವ ಶೆಲ್ಫಿನ ಮೇಲಿಟ್ಟರು. ಅಳಿಯನಿಗೂ ಸಿಗದ ಮರ್ಯಾದೆ ನನಗೆ ಸಿಕ್ಕಿತು. ಬಸ್ಸಿಗೆ ಹೊತ್ತಾಯಿತೆಂದು ಓಡಿಬಂದೆ, ಅಂದು ಬಸ್ಸಿನ ಕೆಲಸವೇ ನನಗಿರಲಿಲ್ಲ.

ಸುಟ್ಟದ್ದು ಒಂದಲ್ಲ ಒಂದು ದಿನ ಅವರಿಗೇ ಗೊತ್ತಾಗುತ್ತದೆ, ತಾವೇ ಸರಿ ಮಾಡಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮುಂದಿನ ಭಾನುವಾರ ಫೋನ್ ಬಂತು, ಆಂಪ್ಲಿಫೈಯರ್ ತಯಾರಾಗಿದೆ, ಬರ್ರಿ ಎಂದು. ಹೋದೆ. ಸ್ಟೂಲಿನ ಮೇಲೆ ಕೂಡಿಸಿ ಚಹಾ ತರಿಸಿದರು. ಶೆಲ್ಫಿನ ಮೇಲೆ ಆ ಜೋಡಿ ಇರಲಿಲ್ಲ. ಎಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗ್ಲಾಸು ಕೈಗೆ ಬಂದು ಎರಡು ಗುಟುಕು ಕುಡಿದಿರಬೇಕು, ಬಾಗಿಲಿಗೆ ಕಾರು ಬಂದು ನಿಂತಿತು.

ಇಳಿದವರು ಗಿರಣಿ ಸಾವಕಾರರು. ಅವರ ಮಗಳು ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ನನ್ನನ್ನು ನೋಡಿ ಕೈಮುಗಿದು, "ಟೀಚರ್ ಇಲ್ಲೇ ಅದೀರಿ, ಚಲೋ ಆತು" ಎಂದರು. ಹಿಂದೆಯೇ ಡ್ರೈವರ್ ಎರಡು ಸ್ಪೀಕರ್ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಧೊಪ್ಪೆಂದು ಇಟ್ಟ.

"ಏನ್ ಉಸ್ತಾದ್, ನನಗ ಸುಟ್ಟ ಮಾಲು ಕೊಟ್ರಿ? ನಿನ್ನಿ ಮನ್ಯಾಗ ಬೀಗ್ರು ಬಂದಿದ್ರು. ಇದು ಉಸ್ತಾದ್ ಕೂಡಿಸಿದ್ದು, ಕೇಳ್ರಿ ಅಂತ ಎಲ್ಲಾರನ್ನೂ ಕೂಡಿಸಿಕೊಂಡು ಹಚ್ಚಿದ್ರ ಒಂದು ಮೂಕ. ಮಂದಿ ಮುಂದ ನನ್ನ ಮಾರಿ ಏನಾಗಿರಬೇಕು?"

"ಆಗಾಕ ಸಾಧ್ಯ ಇಲ್ರಿ ಸಾವಕಾರ್ರ" ಎಂದರು ಉಸ್ತಾದ್.

"ಬಿಚ್ಚಿ ನೋಡ್ರಿ ಹಂಗಾದ್ರ!"

ಉಸ್ತಾದರು ಸ್ಕ್ರೂ ಬಿಚ್ಚಿದರು. ನಾಲ್ಕು ಸ್ಕ್ರೂಗಳು. ಒಂದೊಂದನ್ನೂ ತಟ್ಟೆಗೆ ಹಾಕಿದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಸ್ಪೀಕರನ್ನು ಹೊರತೆಗೆದು, ಕಾಗದವನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ಸುರುಳಿಯನ್ನು ಬೆಳಕಿಗೆ ಹಿಡಿದರು. ಕರ್ರಗೆ ಕಾಡಿಗೆಯಾಗಿತ್ತು. ಅದನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿದರು. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ನನ್ನ ಕಡೆ ಮಾತ್ರ ನೋಡಲಿಲ್ಲ.

ಸಾವಕಾರರು ನನ್ನ ಕಡೆ ತಿರುಗಿದರು. "ಟೀಚರ್, ನೀವು ಸೈನ್ಸ್ ಕಲಿಸೋರು. ನೀವ ಹೇಳ್ರಿ. ಮನ್ಯಾಗ ಸಣ್ಣಕ ಹಚ್ಚಿದ್ರ ಹಿಂಗ ಸುಡ್ತದೇನು?"

"ಇಲ್ರಿ" ಎಂದೆ.

"ಅಂದ್ರ ನನಗಿಂತ ಮೊದ್ಲ ಸುಟ್ಟಿತ್ತು. ಹೌದಲ್ಲ?"

"ಹೌದ್ರಿ."

"ನೋಡ್ರಿ ಉಸ್ತಾದ್! ಟೀಚರ್ ಹೇಳಾಕತ್ತಾರ. ನನಗಿಂತ ಮೊದ್ಲ ಇದು ಯಾರ ಮನಿಗೆ ಹೋಗಿತ್ತು? ಆ ಹೆಸರು ಹೇಳ್ರಿ, ನಾ ನಿಮಗೇನೂ ಅನ್ನಂಗಿಲ್ಲ."

ಗಲ್ಲಿಯ ನಾಲ್ಕಾರು ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದೇ. ಇನ್ನೂ ಒಂದು ಉಸಿರು ತಗೊಂಡು ಹೇಳುತ್ತೇನೆ ಎಂದುಕೊಂಡೆ. ಆ ಉಸಿರಿನಲ್ಲಿ ಹೆಡ್‌ಮಾಸ್ತರು ಕಂಡರು, ಆ ಹುಡುಗಿ ತರಗತಿಯಲ್ಲಿ ಎಲ್ಲರಿಗೂ ಹೇಳುವುದು ಕಂಡಿತು. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದೆ.

ಉಸ್ತಾದರು ಸುರುಳಿಯನ್ನು ಕೆಳಗಿಟ್ಟರು. "ಅಂಗಡಿಯಿಂದ ಹೋದ ಮಾಲಿಗೆ ಅಂಗಡಿಯವನ ಹೆಸರ ಇರ್ತದ್ರಿ ಸಾವಕಾರ್ರ. ನೋಡದ ಕೊಟ್ಟೆ. ತಪ್ಪು ನಂದು."

"ನೋಡದ ಕೊಡಾಂವ ಅಷ್ಟು ದೊಡ್ಡ ಹಾಲ್ ಹೆಂಗ ಮಾಡ್ತೀರಿ? ಬಿಟ್ಟುಬಿಡ್ರಿ ಅದನ್ನ" ಎಂದು ಸಾವಕಾರರು ಹೊರಟರು. ಬಾಗಿಲಿನ ಮಂದಿ ಕರಗಿದರು. ಉಸ್ತಾದರು ಗೋಡೆಯ ಮೇಲಿನ ಆ ನಕ್ಷೆಯನ್ನು ಸಹ ನೋಡಲಿಲ್ಲ. "ನಿಮ್ಮ ಆಂಪ್ಲಿಫೈಯರ್ ತಯಾರ್ ಅದ, ಕೇಳ್ತೀರೇನು?" ಎಂದು ಏನೂ ಆಗದವರಂತೆ ವಾರ್ತೆ ಹಚ್ಚಿದರು. ಓದುತ್ತಿದ್ದವರ ಒಂದು ಮಾತೂ ನನ್ನ ಕಿವಿಗೆ ಹೋಗಲಿಲ್ಲ. ನಾಳೆ ಬರುತ್ತೇನೆಂದು ಎದ್ದೆ.

ರಾತ್ರಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಒಂದು ಸ್ಪೀಕರಿಗೆ ಅವರ ಹಾಲ್ ಹೋಯಿತಲ್ಲೇ" ಎಂದಷ್ಟೇ ಅಂದರು. ಬೈದಿದ್ದರೆ ಜಗಳವಾಡಿ ಮಲಗುತ್ತಿದ್ದೆ.

ಮರುದಿನ ಶಾಲೆ ಬಿಟ್ಟಿದ್ದೇ ಗಿರಣಿಗೆ ನಡೆದೆ. ಹೊಟ್ಟಿನ ಧೂಳಿನಲ್ಲಿ ಸಾವಕಾರರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದೆ: ಬೀರು, ಆಂಪ್ಲಿಫೈಯರು, ನೂರರ ಸ್ಕ್ರೂ, ಒಮ್ಮೆನೂ ಹಚ್ಚಿಲ್ಲ ಎಂದ ಸುಳ್ಳು. ಹೇಳಿ ಮುಗಿಸಿದಾಗ ಮೈ ಹಗುರಾಗಿತ್ತು, ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಾವಕಾರರು ಬೆರಳಿನ ಉಂಗುರ ತಿರುವುತ್ತ ಕೇಳಿದರು. ಸಿಟ್ಟು ಬರಲಿಲ್ಲ ಅವರಿಗೆ. ಗೊಂದಲವಾದವರ ಹಾಗೆ ಕಂಡರು.

"ನಿನ್ನಿ ಸಂಜಿಮುಂದ ಉಸ್ತಾದ್ ಇಲ್ಲಿಗೆ ಬಂದಿದ್ರು ಟೀಚರ್. ಇದ ಜಾಗಾದಾಗ ಕುಂತು, ಬೆಂಚಿನ ಮ್ಯಾಲ ನೋಡೂಮುಂದ ನನ್ನ ಕೈಲೆ ಸುಟ್ಟದ, ಮರ್ತು ಶೆಲ್ಫಿಗಿಟ್ಟೆ ಅಂದ್ರು. ವಯಸ್ಸಾದ ಮನುಷ್ಯಾ ತಾನಾಗೇ ಬಂದು ಒಪ್ಪಿಕೊಂಡಾನ ಅಂತ ನನಗ ಕನಿಕರ ಆತು. ಆಗ್ಲಿ, ಹಾಲ್ ನೀವ ಮಾಡ್ರಿ ಅಂದು ಕಳಿಸೀನಿ."

"ಅದು ನನಗ ಗೊತ್ತಿರಲಿಲ್ರಿ" ಎಂದೆ.

"ಈಗ ನೀವು ಬಂದು ನಾ ಸುಟ್ಟೆ ಅಂತೀರಿ. ಹಂಗಾದ್ರ ಅವ್ರು ನನ್ನ ಕಣ್ಣಾಗ ಕಣ್ಣಿಟ್ಟು ಸುಳ್ಳ ಹೇಳಿದ್ರು."

"ನನ್ನ ಮಾನ ಉಳಿಸಾಕ ಹೇಳ್ಯಾರ್ರಿ. ನನ್ನ ಸಲುವಾಗಿ" ಎಂದೆ.

"ನಿಮ್ಮ ಸಲುವಾಗಿ ನನಗ ಹೇಳಿದ್ರು. ನಾಳಿ ಮತ್ತೊಬ್ಬರ ಸಲುವಾಗಿ ಮತ್ತೊಂದು ಹೇಳ್ತಾರ. ತಪ್ಪು ಮಾಡಿದಾಂವಗ ಕೆಲಸ ಕೊಡಬೌದು ಟೀಚರ್. ಸುಳ್ಳ ಹೇಳಿದಾಂವನ ಕೈಯಾಗ ಹಾಲ್ ಹೆಂಗ ಕೊಡ್ಲಿ?"

ಬೇಡಿಕೊಂಡೆ. ಕೈಮುಗಿದೆ. ಅವರು ಕೆಟ್ಟವರಲ್ಲ, ತಮ್ಮ ನ್ಯಾಯಕ್ಕೆ ತಾವು ಕಟ್ಟುಬಿದ್ದವರು. ನನ್ನ ಮುಂದೆಯೇ ಫೋನ್ ತೆಗೆದು ಉಸ್ತಾದರಿಗೆ ಹಚ್ಚಿದರು. "ಟೀಚರ್ ಬಂದಾರ. ಎಲ್ಲಾ ಹೇಳ್ಯಾರ. ಹಾಲಿನ ಕೆಲಸ ಹೈದರಾಬಾದಿನವರಿಗೆ ಕೊಡಾಕತ್ತೀನಿ, ನೀವು ಬರಬ್ಯಾಡ್ರಿ" ಎಂದರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಹಿಡಿಯಲಿಲ್ಲ.

ಮುಂದಿನ ಬಸ್ಸಿಗೇ ರಾಯಚೂರಿಗೆ ಬಂದೆ. ಅಂಗಡಿಗೆ ಹೋದಾಗ ಉಸ್ತಾದರು ಗೋಡೆಯ ಮೇಲಿನ ನಕ್ಷೆಯನ್ನು ತೆಗೆದು ಸುತ್ತುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ.

"ನಾ ಸುಟ್ಟಿದ್ದು ಯಾವಾಗ ಗೊತ್ತಾತು ಉಸ್ತಾದ್?"

"ಸುರುಳಿ ನೋಡಿದ ಕೂಡ್ಲೇ. ನೂರಕ್ಕ ಕಟ್ಟಿದ್ರ ಅಷ್ಟು ಕರ್ರಗಾಗ್ತದ. ಹಂಗ ಸುಡೋದು ಮೈಕ್ ಸೆಟ್ಟು. ನಿಮ್ಮ ಸಾಲಿ ಮೈಕ್ ಸೆಟ್ಟಿನ ಬೀರು ಕೀಲಿ ಯಾರ ಹತ್ರ ಅದ ಅಂತ ನನಗ ಗೊತ್ತಿಲ್ಲೇನು?"

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ." ನಕ್ಷೆಗೆ ರಬ್ಬರ್ ಬ್ಯಾಂಡ್ ಹಾಕಿದರು. ದನಿ ಏರಿಸಲಿಲ್ಲ. "ಖರೆ ಹೇಳಾಕ ಒಂದು ಹೊತ್ತಿರ್ತದ ಟೀಚರಮ್ಮ. ಆ ಹೊತ್ತಿನ್ಯಾಗ ನೀವು ಚಾ ಗ್ಲಾಸ್ ಹಿಡ್ಕೊಂಡು ಕುಂತಿದ್ರಿ. ಇವತ್ತು ಹೇಳಿದ್ರಲ್ಲ, ಅದು ನಿಮ್ಮ ಸಮಾಧಾನಕ್ಕ ಹೇಳಿದ್ದು."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಹೋಗೆಂದು ಹೇಳಲೂ ಇಲ್ಲ. ಮರುದಿನ ಹೆಡ್‌ಮಾಸ್ತರ ಕೋಣೆಗೆ ನಾನೇ ಹೋಗಿ ಆಂಪ್ಲಿಫೈಯರಿನ ವಿಷಯ ತಿಳಿಸಿದೆ. ಒಂದು ಹಾಳೆಯಲ್ಲಿ ವಿವರಣೆ ಬರೆಸಿಕೊಂಡರು, ಇನ್ನು ಮುಂದೆ ಹಾಗೆ ಮಾಡಬೇಡಿರಿ ಎಂದರು. ಅಷ್ಟೇ. ನಾನು ಹೆದರಿದ್ದು ಇಷ್ಟಕ್ಕೆ.

ಆ ವಾರವೇ ಉಸ್ತಾದರು ಆಂಪ್ಲಿಫೈಯರನ್ನೂ ಹೊಸ ಜೋಡಿ ಸ್ಪೀಕರನ್ನೂ ನಮ್ಮ ಮನೆಗೆ ತಂದು ತಾವೇ ಕೂಡಿಸಿದರು. ಅವರು ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಒಪ್ಪಿಕೊಂಡ ಕೆಲಸ ಬಿಡುವವರಲ್ಲ ಅವರು. ಅಳತೆ ಹಿಡಿದು ಕುರ್ಚಿಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಅಂದಿನಿಂದ ಇಂದಿನ ತನಕ ಆ ಸೆಟ್ ನಮ್ಮ ಹಾಲಿನಲ್ಲಿ ಎದುರು ಕೂತವರ ಹಾಗೆ ಮಾತಾಡುತ್ತದೆ. ದೇವದುರ್ಗದ ಆ ಹಾಲಿಗೆ ಒಂದು ಮದುವೆಗೆ ಹೋಗಿದ್ದೆ. ಮಂತ್ರದ ಒಂದಕ್ಷರ ತಿಳಿಯಲಿಲ್ಲ, ಮುಂದಿನ ಸಾಲಿನಲ್ಲಿ ಒಂದು ಕೂಸು ಕಿಟಾರನೆ ಕಿರುಚುತ್ತಿತ್ತು. ಊಟ ಮಾಡದೆ ಎದ್ದು ಬಂದೆ.

ಆಮೇಲೂ ಉಸ್ತಾದರ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಶಾಲೆಯ ಮೈಕು, ಅಕ್ಕನ ಮನೆಯ ರೇಡಿಯೋ, ಏನಾದರೂ ಒಂದು ನೆಪ. ಮೊದಲಿನ ಹಾಗೆಯೇ ಬರ್ರಿ ಎನ್ನುತ್ತಿದ್ದರು, ಚಹಾ ತರಿಸುತ್ತಿದ್ದರು, ಮಗಳ ಓದು ಕೇಳುತ್ತಿದ್ದರು. ಆದರೆ ನಾನು ಒಯ್ದದ್ದು ಏನೇ ಇರಲಿ, ಏನಾಗಿದೆ ಎಂದು ನಾನು ಹೇಳಿದ್ದನ್ನು ತಲೆಯಾಡಿಸಿ ಕೇಳಿ, ಆಮೇಲೆ ಎಲ್ಲ ಸ್ಕ್ರೂಗಳನ್ನೂ ಬಿಚ್ಚಿ ಮೊದಲಿನಿಂದ ನೋಡುತ್ತಿದ್ದರು. ನನ್ನ ಎದುರಿಗೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ ಅದರಲ್ಲಿ. ಉಳಿದ ಗಿರಾಕಿಗಳಿಗೆ ಮಾಡುವುದನ್ನೇ ನನಗೂ ಮಾಡುತ್ತಿದ್ದರು, ಅಷ್ಟೇ. ಆ ಸ್ಟೂಲಿನ ಮೇಲೆ ಕೂತು ಅದನ್ನು ನೋಡುವುದು ನನಗೆ ಪ್ರತಿಸಲವೂ ಕಷ್ಟವಾಗುತ್ತಿತ್ತು. ಆದರೂ ಹೋಗುತ್ತಿದ್ದೆ.

ಕೊನೆಯ ಸಲ ಹೋದದ್ದು ಅವರು ತೀರಿಕೊಳ್ಳುವ ತಿಂಗಳ ಮುಂಚೆ. ನಮ್ಮ ಆಂಪ್ಲಿಫೈಯರಿನ ದನಿಯ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಅವರ ಕಣ್ಣು ಮಂಜಾಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು.

"ಗುಂಡಿ ಅಷ್ಟೇ ಉಸ್ತಾದ್. ಧೂಳು ಕುಂತದ. ಉಳಿದದ್ದೆಲ್ಲಾ ಸರಿ ಅದ" ಎಂದೆ.

ತಲೆಯಾಡಿಸಿದರು. ಸ್ಕ್ರೂಡ್ರೈವರ್ ತೆಗೆದುಕೊಂಡರು. ಸ್ಕ್ರೂವಿನ ತಲೆ ಕಣ್ಣಿಗೆ ಕಾಣದೆ ಬೆರಳಿನಿಂದ ತಡವಿ ಹುಡುಕಿದರು. ನಾನು ಬಿಚ್ಚುತ್ತೇನೆಂದರೆ ಕೊಡಲಿಲ್ಲ. ಮುಚ್ಚಳ ತೆಗೆದು, ದೀಪವನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಬೆಸುಗೆಯನ್ನು ಮುಟ್ಟಿ ನೋಡಿದರು, ತಂತಿಗಳನ್ನು ಮೆಲ್ಲಗೆ ಎಳೆದು ನೋಡಿದರು, ಮೂಗು ಹತ್ತಿರ ಒಯ್ದು ಮೂಸಿದರು. ಮುಕ್ಕಾಲು ತಾಸು ಹಿಡಿಯಿತು. ಚಹಾ ಆರಿಹೋಯಿತು, ನಾನು ಮುಟ್ಟಲಿಲ್ಲ. ಕೊನೆಗೆ ಗುಂಡಿಯ ಬುಡಕ್ಕೆ ಔಷಧಿ ಹೊಡೆದು ನಾಲ್ಕು ಸಲ ತಿರುಗಿಸಿ, ಮುಚ್ಚಳ ಹಾಕಿ, ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

"ನೀವು ಹೇಳಿದ್ದು ಖರೇನ ಅದ ಟೀಚರಮ್ಮ. ಗುಂಡಿ ಅಷ್ಟ."

ಆಂಪ್ಲಿಫೈಯರನ್ನು ಎದೆಗೊತ್ತಿ ಹಿಡಿದು ಗಲ್ಲಿಗಿಳಿದೆ. ನಡುಹಗಲು, ಸಂದಣಿ, ಎದುರಿಗೆ ಬಂದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನಮಸ್ಕಾರ ಮಾಡಿ, ಯಾಕೆ ಟೀಚರ್, ಏನಾತು ಎಂದು ಗಾಬರಿಯಾಗಿ ಕೇಳಿದ. ಕಣ್ಣು ಒರೆಸಿಕೊಳ್ಳಲು ನನ್ನ ಕೈ ಖಾಲಿ ಇರಲಿಲ್ಲ. ಪಾಸಾದೆ ನೋಡಪಾ, ಎಂದೆ.